ಟೆಕ್ನಿಕಲ್ ರೈಟರ್‌ಗಳ ಕೆಲಸವನ್ನು ಅಳೆಯುವುದು ಹೇಗೆ: ಡಾಕ್ಯುಮೆಂಟೇಷನ್ ಲೀಡ್‌ಗಳಿಗೆ ಒಂದು ಮಾರ್ಗದರ್ಶಿ

ಬೆಂಗಳೂರಿನ ಯಾವುದೇ ಸಾಫ್ಟ್‌ವೇರ್ ಕಂಪನಿಯಲ್ಲಿ, ಬಳಕೆದಾರರಿಗೆ ಕೈಪಿಡಿ ಬರೆಯುವ ಡಾಕ್ಯುಮೆಂಟೇಷನ್ ತಂಡದ ಲೀಡ್ ಆದವರಿಗೆ ಇವತ್ತಲ್ಲ ನಾಳೆ ಈ ಪ್ರಶ್ನೆ ಬಂದೇ ಬರುತ್ತದೆ: "ನಿಮ್ಮ ರೈಟರ್‌ಗಳು ದಿನಕ್ಕೆ ಎಷ್ಟು ಪುಟ ಬರೀತಾರೆ?" ಕೇಳುವವರು ಎಂಜಿನಿಯರಿಂಗ್ ಡೈರೆಕ್ಟರ್ ಇರಬಹುದು, ಫೈನಾನ್ಸ್‌ನವರೂ ಇರಬಹುದು. ಬಾಯಿಗೆ ಬಂದ ಒಂದು ಸಂಖ್ಯೆ ಹೇಳಿಬಿಟ್ಟರೆ ಆ ಮೀಟಿಂಗ್‌ನಿಂದ ಪಾರಾಗಬಹುದು. ಆದರೆ ಮುಂದಿನ ವರ್ಷ ಬಜೆಟ್ ಮಾಡುವಾಗ ಅದೇ ಸಂಖ್ಯೆ ನಿಮ್ಮ ಕೊರಳಿಗೆ ಬೀಳುತ್ತದೆ.

ಪುಟದ ಲೆಕ್ಕ ಎಲ್ಲಿ ಕೈಕೊಡುತ್ತದೆ ಎನ್ನುವುದಕ್ಕೆ ಒಂದೇ ಒಂದು ಭಾಗವನ್ನು ಹತ್ತಿರದಿಂದ ನೋಡೋಣ. ಬ್ಯಾಕಪ್ ಸಾಫ್ಟ್‌ವೇರ್ ಒಂದರ ಕೈಪಿಡಿಯಲ್ಲಿ "ಟಿಎಲ್‌ಎಸ್ ಸರ್ಟಿಫಿಕೇಟ್ (ಸರ್ವರ್ ಜೊತೆಗಿನ ಸಂಪರ್ಕವನ್ನು ಸುರಕ್ಷಿತವಾಗಿಡುವ ಡಿಜಿಟಲ್ ಗುರುತುಪತ್ರ) ಬದಲಾಯಿಸುವುದು" ಎಂಬ ಟಾಪಿಕ್ ಇದೆ ಎಂದುಕೊಳ್ಳಿ. ಹಳೆಯ ಆವೃತ್ತಿಯಲ್ಲಿ ಅದು 14 ಹಂತ, ಮೂರೂವರೆ ಪುಟ. ಹೊಸ ಆವೃತ್ತಿಯಲ್ಲಿ ಸ್ಕ್ರೀನ್ ಪೂರ್ತಿ ಬದಲಾಗಿದೆ. ರೈಟರ್ ಟೆಸ್ಟ್ ಸರ್ವರ್ ಮೇಲೆ ಹೊಸ ಬಿಲ್ಡ್ (ತಯಾರಾಗುತ್ತಿರುವ ಸಾಫ್ಟ್‌ವೇರ್‌ನ ಇತ್ತೀಚಿನ ಪ್ರತಿ) ಹಾಕಿ ಒಂದೊಂದೇ ಹಂತ ಮಾಡುತ್ತಾ ಹೋದಾಗ ಎರಡು ಸಂಗತಿ ಹೊರಬೀಳುತ್ತವೆ. ಈಗ 6 ಹಂತ ಸಾಕು. ಆದರೆ ಕೊನೆಯ ಹಂತದಲ್ಲಿ ಸರ್ವೀಸ್ ತಾನಾಗಿ ರೀಸ್ಟಾರ್ಟ್ ಆಗುತ್ತದೆ, ಆಗ ನಡೆಯುತ್ತಿರುವ ಬ್ಯಾಕಪ್ ಅರ್ಧಕ್ಕೇ ನಿಂತುಹೋಗುತ್ತದೆ. ಡಿಸೈನ್ ಡಾಕ್ಯುಮೆಂಟ್‌ನಲ್ಲಿ ಇದರ ಸುಳಿವೂ ಇರಲಿಲ್ಲ. ರೈಟರ್ ಹಳೆಯ ಹಂತಗಳನ್ನು ಕಿತ್ತುಹಾಕಿ, ಶುರುವಿನಲ್ಲೇ "ಬ್ಯಾಕಪ್ ನಡೆಯುತ್ತಿರುವಾಗ ಇದನ್ನು ಮಾಡಬೇಡಿ" ಎಂಬ ಎಚ್ಚರಿಕೆ ಸೇರಿಸುತ್ತಾರೆ. ಮೂರೂವರೆ ಪುಟ ಇದ್ದದ್ದು ಒಂದೂಕಾಲು ಪುಟಕ್ಕೆ ಇಳಿಯಿತು. ಪುಟದ ಲೆಕ್ಕ ಹಿಡಿದರೆ ಈ ರೈಟರ್ ಕಂಪನಿಗೆ ಎರಡೂಕಾಲು ಪುಟ ಸಾಲಗಾರರು!

ಆ ಟಾಪಿಕ್‌ಗೆ ಹಿಡಿದ ಸಮಯವನ್ನು ಬಿಡಿಸಿ ನೋಡಿ. ಡಿಸೈನ್ ಡಾಕ್ಯುಮೆಂಟ್ ಓದಲು 1 ಗಂಟೆ, ಎಂಜಿನಿಯರ್ ಜೊತೆ ಮಾತಾಡಲು ಅರ್ಧ ಗಂಟೆ, ಬಿಲ್ಡ್ ಹಾಕಿ ಮಾಡಿ ನೋಡಲು 3 ಗಂಟೆ, ಬರೆಯಲು 2 ಗಂಟೆ, ಸ್ಕ್ರೀನ್‌ಶಾಟ್‌ಗೆ ಅರ್ಧ ಗಂಟೆ, ರಿವ್ಯೂ ನಂತರದ ತಿದ್ದುಪಡಿಗೆ ಒಂದೂವರೆ ಗಂಟೆ, ಪಬ್ಲಿಷ್ ಮಾಡಲು ಅರ್ಧ ಗಂಟೆ. ಒಟ್ಟು 9 ಗಂಟೆ. ಆದರೆ ಕ್ಯಾಲೆಂಡರ್‌ನಲ್ಲಿ ಅದು 13 ಕೆಲಸದ ದಿನ ತೆಗೆದುಕೊಂಡಿತು. ಬಿಲ್ಡ್‌ಗಾಗಿ 3 ದಿನ, ರಿವ್ಯೂಗಾಗಿ 6 ದಿನ ಅದು ಸುಮ್ಮನೆ ಕೂತಿತ್ತು. ನೀವು ಅಳೆಯಬೇಕಾದದ್ದು, ನಿಭಾಯಿಸಬೇಕಾದದ್ದು ಹೆಚ್ಚುಕಮ್ಮಿ ಎಲ್ಲವೂ ಈ ಲೆಕ್ಕದಲ್ಲೇ ಇದೆ. 9 ಗಂಟೆಯಲ್ಲಿ ಬರವಣಿಗೆ ಬರೀ 2 ಗಂಟೆ. 13 ದಿನದಲ್ಲಿ ರೈಟರ್ ಕೈಯಲ್ಲಿದ್ದದ್ದು 4 ದಿನ. ರೈಟರ್‌ಗಳಿಗೆ ಬೇಗ ಬೇಗ ಟೈಪ್ ಮಾಡಿ ಎಂದು ಹೇಳಿ ಏನೂ ಪ್ರಯೋಜನವಿಲ್ಲ.

ಮೊದಲು ಪ್ರಶ್ನೆ ಗೊತ್ತುಮಾಡಿಕೊಳ್ಳಿ

ಅಳತೆ ಬೇಕು ಎನ್ನುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಪ್ರಶ್ನೆ ಇರುತ್ತದೆ. ಈ ರಿಲೀಸ್‌ನ ಡಾಕ್ಯುಮೆಂಟೇಷನ್ ಹೇಳಿದ ದಿನಕ್ಕೆ ಮುಗಿಯುತ್ತದೆಯೇ? ಈಗಿರುವ ಜನ ಸಾಕೇ? ಯಾರು ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆ? ಮೊದಲ ಎರಡಕ್ಕೆ ಒಂದೇ ಲೆಕ್ಕ ಸಾಕು, ಅದನ್ನು ಮುಂದೆ ಹಂತಹಂತವಾಗಿ ಕಟ್ಟೋಣ. ಮೂರನೆಯದಕ್ಕೆ ಈ ಲೆಕ್ಕವನ್ನು ಬಳಸಲೇಬಾರದು. ದಾಖಲೆಯಾದ ಗಂಟೆಗಳು ಅಪ್ರೈಸಲ್‌ಗೆ ಹೋಗುತ್ತವೆ ಎಂದು ಗೊತ್ತಾದ ದಿನವೇ ತಂಡದವರು ಬರೆಯುವ ಗಂಟೆಗಳು ಬದಲಾಗುತ್ತವೆ, ಆಮೇಲೆ ಮೊದಲ ಎರಡು ಪ್ರಶ್ನೆಗೂ ಉತ್ತರ ಸಿಗುವುದಿಲ್ಲ. ಹಾಗಾಗಿ ಲೆಕ್ಕ ಶುರುಮಾಡುವ ಮೊದಲೇ ನಿಮ್ಮ ಮ್ಯಾನೇಜರ್‌ಗೂ ತಂಡಕ್ಕೂ ಒಂದೇ ಇಮೇಲ್‌ನಲ್ಲಿ ಬರೆದು ತಿಳಿಸಿ: ಇದು ಅಂದಾಜಿಗೆ, ಅಪ್ರೈಸಲ್‌ಗೆ ಬಳಸುವುದಿಲ್ಲ. ಬಾಯಿಮಾತಿನಲ್ಲಿ ಹೇಳಿದರೆ ಸಾಲದು.

ಹಂತ 1: ಎಣಿಸುವ ಘಟಕ

ಪುಟವನ್ನು ಬಿಟ್ಟು ಟಾಪಿಕ್ ಹಿಡಿಯಿರಿ. ಐಬಿಎಂ ರೂಪಿಸಿ, 2005ರಲ್ಲಿ ಓಯಾಸಿಸ್ ಸಂಸ್ಥೆ ಮಾನಕವಾಗಿ ಪ್ರಕಟಿಸಿದ, ಬರಹವನ್ನು ಟಾಪಿಕ್‌ಗಳಾಗಿ ಒಡೆದು ಬರೆಯುವ ಡಿಟಾ ಪದ್ಧತಿ ಬಳಸುವ ತಂಡಗಳಲ್ಲಿ ಟಾಪಿಕ್ ಎಂದರೆ ಏನು ಎಂಬ ಗೊಂದಲವೇ ಇಲ್ಲ. ಹೇಗೆ ಮಾಡುವುದು ಎಂದು ಹೇಳುವುದು ಟಾಸ್ಕ್, ಏನು ಎಂದು ವಿವರಿಸುವುದು ಕಾನ್ಸೆಪ್ಟ್, ಪಟ್ಟಿ-ಕೋಷ್ಟಕ-ಪ್ಯಾರಾಮೀಟರ್‌ಗಳೆಲ್ಲ ರೆಫರೆನ್ಸ್. ನೀವು ಮಾರ್ಕ್‌ಡೌನ್‌ನಲ್ಲಿ ಬರೆದು ಗಿಟ್‌ನಲ್ಲಿ ಇಡುತ್ತಿದ್ದರೂ, ಕಾನ್‌ಫ್ಲುಯೆನ್ಸ್ ಅಥವಾ ಮ್ಯಾಡ್‌ಕ್ಯಾಪ್ ಫ್ಲೇರ್ ಬಳಸುತ್ತಿದ್ದರೂ ಇದೇ ವಿಂಗಡಣೆ ನಡೆಯುತ್ತದೆ. ಓದುಗರ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವ ಒಂದು ತುಂಡು ಬರಹವನ್ನು ಒಂದು ಟಾಪಿಕ್ ಎಂದು ಎಣಿಸಿ.

ಆಮೇಲೆ ಪ್ರತಿಯೊಂದನ್ನೂ ಹೊಸದು, ದೊಡ್ಡ ಬದಲಾವಣೆ, ಸಣ್ಣ ಬದಲಾವಣೆ ಎಂದು ವಿಂಗಡಿಸಿ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಿದ್ದಬೇಕಾದರೆ, ಅಥವಾ ಹಂತಗಳನ್ನು ಮತ್ತೆ ಮಾಡಿಯೇ ನೋಡಬೇಕಾದರೆ, ಅದು ದೊಡ್ಡದು. ಬಟನ್‌ನ ಹೆಸರು, ಆವೃತ್ತಿ ಸಂಖ್ಯೆ, ಒಂದು ಹೊಸ ಟಿಪ್ಪಣಿ ಇಂಥವು ಸಣ್ಣವು. ಟಾಪಿಕ್ ತೆಗೆದುಹಾಕುವುದನ್ನೂ ದೊಡ್ಡ ಬದಲಾವಣೆ ಎಂದೇ ಎಣಿಸಬೇಕು. ಬಹಳ ತಂಡಗಳು ಇದನ್ನು ಮರೆಯುತ್ತವೆ. ಒಂದು ಟಾಪಿಕ್ ತೆಗೆಯುವ ಮೊದಲು ಅದಕ್ಕೆ ಎಲ್ಲೆಲ್ಲಿಂದ ಲಿಂಕ್ ಇದೆ, ಹಳೆಯ ಆವೃತ್ತಿ ಬಳಸುವ ಗ್ರಾಹಕರು ಇನ್ನೂ ಇದ್ದಾರೆಯೇ, ಸಪೋರ್ಟ್‌ನವರು ಅದನ್ನು ಯಾರಿಗಾದರೂ ಕಳಿಸುತ್ತಿದ್ದಾರೆಯೇ ಎಂದು ನೋಡಬೇಕಾಗುತ್ತದೆ. ಅದಕ್ಕೆ ಲೆಕ್ಕದಲ್ಲಿ ಜಾಗ ಕೊಡದಿದ್ದರೆ ಯಾರೂ ಏನನ್ನೂ ತೆಗೆಯುವುದಿಲ್ಲ, ಕೈಪಿಡಿ ವರ್ಷದಿಂದ ವರ್ಷಕ್ಕೆ ಉಬ್ಬುತ್ತಾ ಹೋಗುತ್ತದೆ.

ಟಾಪಿಕ್ ಎಣಿಕೆಯಲ್ಲೂ ಆಟವಾಡಲು ದಾರಿಯಿದೆ. ಒಂದು ಟಾಸ್ಕ್ ಅನ್ನು ನಾಲ್ಕು ತುಂಡು ಮಾಡಿದರೆ ನಾಲ್ಕು ಟಾಪಿಕ್ ಆಗುತ್ತವಲ್ಲ. ಇದನ್ನು ತಡೆಯಲು ಟಾಪಿಕ್‌ಗಳ ಪಟ್ಟಿಯನ್ನು ಬರವಣಿಗೆ ಶುರುವಾಗುವ ಮುಂಚೆ, ಪ್ಲಾನ್ ಮಾಡುವಾಗಲೇ ಗೊತ್ತುಮಾಡಿ. ನಂತರ ಸೇರಿಸಿದ ಪ್ರತಿ ಟಾಪಿಕ್‌ಗೂ ಒಂದು ಸಾಲಿನ ಕಾರಣ ಇರಲಿ.

ಹಂತ 2: ಗಂಟೆಗಳ ದಾಖಲೆ

ಒಂದು ಪೂರ್ತಿ ರಿಲೀಸ್, ಅಥವಾ ಕನಿಷ್ಠ 6 ವಾರ, ಸಮಯ ಬರೆದಿಡಿ. ಅದಕ್ಕಿಂತ ಕಡಿಮೆಯಾದರೆ ಬಿಲ್ಡ್‌ಗೆ ಕಾಯುವ ವಾರಗಳೋ ರಿವ್ಯೂ ತುಂಬಿದ ವಾರಗಳೋ ಮಾತ್ರ ಸಿಕ್ಕಿ ಚಿತ್ರ ಕೆಡುತ್ತದೆ. ಬಾಬ್ತು ಏಳಕ್ಕಿಂತ ಹೆಚ್ಚು ಬೇಡ: ಮಾಹಿತಿ ಹುಡುಕುವುದು, ಮಾಡಿ ನೋಡುವುದು, ಬರೆಯುವುದು, ಚಿತ್ರ ಮತ್ತು ಸ್ಕ್ರೀನ್‌ಶಾಟ್, ರಿವ್ಯೂ ತಿದ್ದುಪಡಿ, ಟೂಲ್ ಮತ್ತು ಪಬ್ಲಿಷಿಂಗ್, ಇತರೆ. ಇಪ್ಪತ್ತು ಬಾಬ್ತು ಕೊಟ್ಟರೆ ಯಾವುದು ಎಲ್ಲಿ ಸೇರಬೇಕೆಂದು ಯೋಚಿಸಿ ಬೇಸತ್ತು ಎಲ್ಲವನ್ನೂ "ಬರೆಯುವುದು" ಎಂದು ಹಾಕಿಬಿಡುತ್ತಾರೆ. ಅರ್ಧ ಗಂಟೆಯ ಲೆಕ್ಕ ಸಾಕು. ಕೆಲಸಗಳ ಲೆಕ್ಕವಿಡುವ ಜಿರಾ ತಂತ್ರಾಂಶದಲ್ಲಿ ಪ್ರತಿ ಕೆಲಸಕ್ಕೂ ಇರುವ ಟಿಕೆಟ್‌ನಲ್ಲೇ ವರ್ಕ್ ಲಾಗ್ ಹಾಕಬಹುದು, ಸ್ಪ್ರೆಡ್‌ಶೀಟ್ ಆದರೂ ಸರಿ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಶುಕ್ರವಾರ ಸಂಜೆ. ವಾರದ ಐದು ದಿನವನ್ನೂ ನೆನಪಿನಿಂದ ತುಂಬಿದರೆ ಪ್ರತಿದಿನ ಸರಿಯಾಗಿ 8 ಗಂಟೆ ಬರುತ್ತದೆ, ಎಲ್ಲವೂ ನೀಟಾಗಿರುತ್ತದೆ, ಒಂದೂ ನಿಜವಾಗಿರುವುದಿಲ್ಲ. ಅವತ್ತಿನದನ್ನು ಅವತ್ತೇ ತುಂಬುವ ರೂಢಿ ಮಾಡಿಸಿ. ದಿನದ ಮೊತ್ತ 8 ಆಗಲೇಬೇಕು ಎಂಬ ನಿಯಮವನ್ನು ಶೀಟ್‌ನಿಂದ ತೆಗೆದುಹಾಕಿ. ಸ್ಟ್ಯಾಂಡ್‌ಅಪ್, ಟೌನ್‌ಹಾಲ್ ಮೀಟಿಂಗ್‌ಗಳು, ಕಡ್ಡಾಯ ಟ್ರೇನಿಂಗ್, ಇಂಟರ್‌ವ್ಯೂ ತೆಗೆದುಕೊಳ್ಳುವುದು ಎಲ್ಲ "ಇತರೆ"ಗೆ ಹೋಗಲಿ. ಇವನ್ನೆಲ್ಲ ಕಳೆದರೆ ಟಾಪಿಕ್ ಕೆಲಸಕ್ಕೆ ದಿನಕ್ಕೆ ಎಷ್ಟು ಗಂಟೆ ಉಳಿಯುತ್ತದೆ ಎಂಬುದೇ ನಿಮಗೆ ಸಿಗುವ ಮೊದಲ ಉಪಯುಕ್ತ ಸಂಖ್ಯೆ. ಪ್ಲಾನ್‌ನಲ್ಲಿ 8 ಹಾಕಿ ಕೂತವರು ಪ್ರತಿ ರಿಲೀಸ್‌ನಲ್ಲೂ ತಡವಾಗುವುದು ಇದೇ ಕಾರಣಕ್ಕೆ. ಕೆಳಗಿನ ಲೆಕ್ಕದಲ್ಲಿ ಐದೂವರೆ ಎಂದು ಹಿಡಿದಿದ್ದೇವೆ. ನಿಮ್ಮದು ಬೇರೆ ಬರಬಹುದು.

ಹಂತ 3: ಅಡಿಪಾಯದ ಗಂಟೆಗಳು

ಮುಗಿದ ಟಾಪಿಕ್‌ಗಳನ್ನು ವಿಧದ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿನ ಮಧ್ಯಾಂಕ (ಗಂಟೆಗಳನ್ನು ಏರಿಕೆ ಕ್ರಮದಲ್ಲಿ ಇಟ್ಟಾಗ ನಟ್ಟನಡುವೆ ಬರುವ ಸಂಖ್ಯೆ) ತೆಗೆಯಿರಿ. ಸರಾಸರಿ ಬೇಡ. ಒಂದು ಇನ್‌ಸ್ಟಾಲೇಷನ್ ಟಾಪಿಕ್ 40 ಗಂಟೆ ನುಂಗಿದರೆ ಸರಾಸರಿ ಮೇಲೇರಿಬಿಡುತ್ತದೆ, ಮಧ್ಯಾಂಕ ಅಷ್ಟಾಗಿ ಅಲುಗುವುದಿಲ್ಲ. ಒಂದು ಗುಂಪಿನಲ್ಲಿ ಹತ್ತು ಟಾಪಿಕ್ ಕೂಡ ಇಲ್ಲದಿದ್ದರೆ ಆ ಸಂಖ್ಯೆಯನ್ನು ನಂಬಬೇಡಿ. ಪಕ್ಕದ ಗುಂಪಿನೊಂದಿಗೆ ಸೇರಿಸಿ ನೋಡಿ.

ಉದಾಹರಣೆಗೆ ಒಂದು ತಂಡಕ್ಕೆ ಹೀಗೆ ಬಂತು ಎನ್ನೋಣ: ಹೊಸ ಟಾಸ್ಕ್ 9 ಗಂಟೆ, ಹೊಸ ಕಾನ್ಸೆಪ್ಟ್ 7, ಹೊಸ ರೆಫರೆನ್ಸ್ 4, ದೊಡ್ಡ ಬದಲಾವಣೆಗೆ ಹೊಸದರ ಅರ್ಧ, ಸಣ್ಣದಕ್ಕೆ ಒಂದೂವರೆ ಗಂಟೆ. ಇವು ಲೆಕ್ಕ ತೋರಿಸಲು ಇಟ್ಟ ಸಂಖ್ಯೆಗಳು, ಹಾಗೇ ಎತ್ತಿಕೊಂಡು ಹೋಗಬೇಡಿ. ಬೇರೆ ಕಂಪನಿಯ ಗಂಟೆಯ ಲೆಕ್ಕವನ್ನು ನಿಮ್ಮ ತಂಡಕ್ಕೆ ಹಾಕುವುದರಷ್ಟು ಬೇಗ ಜಗಳ ಹುಟ್ಟಿಸುವುದು ಬೇರೊಂದಿಲ್ಲ. ಪೇಮೆಂಟ್ ಗೇಟ್‌ವೇಯ ಎಪಿಐ (ಬೇರೆ ಸಾಫ್ಟ್‌ವೇರ್‌ಗಳು ಅದರ ಜೊತೆ ವ್ಯವಹರಿಸುವ ದಾರಿ) ಬಗ್ಗೆ ಬರೆಯುವವರ 4 ಗಂಟೆಗೂ ವೈದ್ಯಕೀಯ ಸಾಧನದ ಬಗ್ಗೆ ಬರೆಯುವವರ 4 ಗಂಟೆಗೂ ಸಂಬಂಧವೇ ಇಲ್ಲ.

ಹಂತ 4: ಈ ರಿಲೀಸ್ ಎಷ್ಟು ಕಷ್ಟ?

ಅಡಿಪಾಯದ ಗಂಟೆ ಸಾಮಾನ್ಯ ಪರಿಸ್ಥಿತಿಗೆ ಮಾತ್ರ. ಪ್ರತಿ ರಿಲೀಸ್‌ಗೂ ನಾಲ್ಕು ವಿಷಯ ನೋಡಿ ಗುಣಕ ಹಾಕಬೇಕು: ಉತ್ಪನ್ನ ಎಷ್ಟು ಸ್ಥಿರವಾಗಿದೆ, ಮಾಹಿತಿ ಎಷ್ಟು ಸುಲಭವಾಗಿ ಸಿಗುತ್ತದೆ, ರಿವ್ಯೂ ಮಾಡುವವರು ಹೇಗೆ, ರೈಟರ್‌ಗೆ ಈ ವಿಷಯ ಎಷ್ಟು ಪರಿಚಿತ. ಸಾಮಾನ್ಯವಾಗಿದ್ದರೆ 1. ಸ್ಕ್ರೀನ್‌ಗಳು ಇನ್ನೂ ಬದಲಾಗುತ್ತಿದ್ದರೆ 1.1, ರಿವ್ಯೂ ಮಾಡುವವರೆಲ್ಲ ಹೊರದೇಶದಲ್ಲಿ ಕೂತಿದ್ದರೆ 1.15, ರೈಟರ್ ಇದೇ ಉತ್ಪನ್ನದಲ್ಲಿ ಪಳಗಿದವರಾದರೆ 0.95. ಈ ಮೂರನ್ನೂ ಗುಣಿಸಿದರೆ ಸುಮಾರು 1.2. ಒಂದೇ ತೊಂದರೆಯನ್ನು ಎರಡು ಕಡೆ ಎಣಿಸದಂತೆ ನೋಡಿಕೊಳ್ಳಿ. "ಉತ್ಪನ್ನ ಅಸ್ಥಿರ", "ಮಾಹಿತಿ ಸಿಗುವುದಿಲ್ಲ" ಎನ್ನುವ ಎರಡೂ ಬಹಳ ಸಲ ಒಂದೇ ಕಾರಣದ ಎರಡು ಹೆಸರು. ಒಟ್ಟು ಗುಣಕ 1.5 ದಾಟಿದರೆ ಅಂದಾಜು ಮಾಡುವುದನ್ನು ನಿಲ್ಲಿಸಿ, ಪ್ರಾಡಕ್ಟ್ ಮ್ಯಾನೇಜರ್ ಜೊತೆ ಕೂತು ಮಾತಾಡಿ. ಅಂಥ ರಿಲೀಸ್‌ನಲ್ಲಿ ತೊಂದರೆ ಇರುವುದು ಡಾಕ್ಯುಮೆಂಟೇಷನ್‌ನಲ್ಲಲ್ಲ.

ಈಗ ಲೆಕ್ಕ. ರಿಲೀಸ್‌ನಲ್ಲಿ 14 ಹೊಸ ಟಾಸ್ಕ್, 5 ಕಾನ್ಸೆಪ್ಟ್, 20 ರೆಫರೆನ್ಸ್, 18 ಟಾಸ್ಕ್‌ಗಳಿಗೆ ದೊಡ್ಡ ಬದಲಾವಣೆ, 40 ಸಣ್ಣ ಬದಲಾವಣೆ ಇವೆ ಎನ್ನಿ. 126, 35, 80, 81, 60 ಗಂಟೆ ಸೇರಿ 382. ಅದನ್ನು 1.2ರಿಂದ ಗುಣಿಸಿದರೆ 458. ರಿಲೀಸ್ ನೋಟ್ಸ್, ಅನುವಾದಕ್ಕೆ ಕಳಿಸುವುದು, ಕೊನೆಯ ಲಿಂಕ್ ಪರೀಕ್ಷೆ ಇಂಥ ಟಾಪಿಕ್‌ಗೆ ಅಂಟದ ಕೆಲಸಗಳಿಗೆ ಶೇ. 15 ಸೇರಿಸಿದರೆ 527 ಗಂಟೆ. ದಿನಕ್ಕೆ ಐದೂವರೆ ಗಂಟೆಯಂತೆ 96 ದಿನದ ಕೆಲಸ. ಮೂವರು ರೈಟರ್‌ಗಳಿದ್ದಾರೆ, 6 ವಾರದ ರಿಲೀಸ್. ಅದರಲ್ಲಿ ಆಯುಧಪೂಜೆ, ವಿಜಯದಶಮಿ, ಅದಕ್ಕೆ ಅಂಟಿಸಿಕೊಂಡು ಊರಿಗೆ ಹೋಗುವವರ ರಜೆ ಕಳೆದು ತಲಾ 26 ದಿನ ಉಳಿಯಿತು, ಅಂದರೆ 78 ದಿನ. 18 ದಿನ ಕಡಿಮೆ.

ಈ 18 ದಿನದ ಕೊರತೆಯನ್ನು ಮೊದಲ ವಾರದಲ್ಲೇ ಹೇಳಲು ಸಾಧ್ಯವಾಗುವುದೇ ಇಷ್ಟೆಲ್ಲ ಲೆಕ್ಕದ ಫಲ. ಶನಿವಾರ-ಭಾನುವಾರ ಕೂತು ಮುಗಿಸೋಣ ಎನ್ನುವ ಬದಲು ಟೇಬಲ್ ಮೇಲೆ ಆಯ್ಕೆಗಳನ್ನು ಇಡಬಹುದು. 20 ರೆಫರೆನ್ಸ್ ಟಾಪಿಕ್‌ಗಳನ್ನು ಕೋಡ್‌ನಲ್ಲಿರುವ ಕಾಮೆಂಟ್‌ಗಳಿಂದ ತಾನಾಗಿ ತಯಾರಾಗುವಂತೆ ಮಾಡಿ, ರೈಟರ್ ತಲಾ ಒಂದು ಗಂಟೆಯಲ್ಲಿ ತಿದ್ದಿದರೆ, ಅದೇ ಗುಣಕಗಳಲ್ಲಿ 20 ದಿನದ ಕೆಲಸ 5 ದಿನಕ್ಕೆ ಇಳಿಯುತ್ತದೆ. ಎಂಜಿನಿಯರ್‌ಗಳು ಕಾಮೆಂಟ್‌ಗಳನ್ನು ಸರಿಯಾಗಿ ಬರೆಯಲು ಒಪ್ಪಿದರೆ ಮಾತ್ರ, ಅದನ್ನು ಬರಹದಲ್ಲಿ ಪಡೆಯಿರಿ. ಉಳಿದ 3 ದಿನಕ್ಕೆ 10 ಸಣ್ಣ ಬದಲಾವಣೆಗಳನ್ನು ಮುಂದಿನ ರಿಲೀಸ್‌ಗೆ ದೂಡಿದರೆ ಸಾಕು. ಇನ್ನೊಬ್ಬ ರೈಟರ್ ಅನ್ನು ತಂದು ಹಾಕುವುದು ಈ ಹೊತ್ತಿನಲ್ಲಿ ಪರಿಹಾರವಲ್ಲ. ಆರು ವಾರದ ರಿಲೀಸ್‌ನಲ್ಲಿ ಹೊಸಬರು ಉತ್ಪನ್ನ ಕಲಿಯುವುದರೊಳಗೆ ರಿಲೀಸ್ ಮುಗಿದಿರುತ್ತದೆ, ಅವರಿಗೆ ಕಲಿಸಲು ಹಳಬರ ಗಂಟೆಗಳೂ ಖರ್ಚಾಗಿರುತ್ತವೆ.

ಹಂತ 5: ಕಾಯುವ ದಿನಗಳು

ಕೆಲಸ ಕೂರುವ ಜಾಗ ಕಾಣಬೇಕಾದರೆ ಟಿಕೆಟ್‌ಗೆ "ಇನ್ ಪ್ರೋಗ್ರೆಸ್", "ಡನ್" ಎಂಬ ಎರಡೇ ಸ್ಥಿತಿ ಇದ್ದರೆ ಆಗದು. ಮಾಹಿತಿಗಾಗಿ ಕಾಯುತ್ತಿದೆ, ಬಿಲ್ಡ್‌ಗಾಗಿ ಕಾಯುತ್ತಿದೆ, ಬರವಣಿಗೆಯಲ್ಲಿದೆ, ರಿವ್ಯೂನಲ್ಲಿದೆ, ತಿದ್ದುಪಡಿಯಲ್ಲಿದೆ, ಮುಗಿದಿದೆ ಎಂದು ಆರು ಸ್ಥಿತಿ ಮಾಡಿ. ಪ್ರತಿ ಸ್ಥಿತಿಯಲ್ಲಿ ಟಿಕೆಟ್ ಎಷ್ಟು ದಿನ ಕೂತಿತ್ತು ಎಂಬುದನ್ನು ಜಿರಾದ ಇತಿಹಾಸದಿಂದಲೇ ತೆಗೆಯಬಹುದು, ಯಾರೂ ಕೈಯಾರೆ ತುಂಬಬೇಕಿಲ್ಲ. ತಿಂಗಳಿಗೊಮ್ಮೆ ಇದನ್ನು ಕೂಡಿಸಿ ನೋಡಿದರೆ ನಿಮ್ಮ ತಂಡದ "ನಿಧಾನ" ಎಲ್ಲಿದೆ ಎಂದು ತಾನೇ ತಿಳಿಯುತ್ತದೆ.

ಬೆಂಗಳೂರಿನ ತಂಡಗಳಿಗೆ ಇಲ್ಲೊಂದು ವಿಶೇಷ ತಲೆನೋವಿದೆ. ಉತ್ಪನ್ನದ ಆರ್ಕಿಟೆಕ್ಟ್ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದರೆ ಅವರಿಗೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಬೆಳಿಗ್ಗೆ ಹತ್ತಕ್ಕೆ ಕಳಿಸಿದ ಪ್ರಶ್ನೆಗೆ ಉತ್ತರ ಮರುದಿನ ಬೆಳಿಗ್ಗೆ. ಆ ಉತ್ತರ "ಯಾವ ಸ್ಕ್ರೀನ್ ಬಗ್ಗೆ ಕೇಳುತ್ತಿದ್ದೀರಿ?" ಎಂಬ ಮರುಪ್ರಶ್ನೆಯಾಗಿದ್ದರೆ ಇನ್ನೊಂದು ದಿನ ಹೋಯಿತು. ಆದ್ದರಿಂದ ಪ್ರಶ್ನೆ ಕಳಿಸುವ ರೀತಿಯನ್ನೇ ಕಲಿಸಬೇಕು: ಬಿಲ್ಡ್ ಸಂಖ್ಯೆ, ಸ್ಕ್ರೀನ್‌ಶಾಟ್, ತಾನು ಮಾಡಿದ್ದು, ಕಂಡದ್ದು, ತಾನು ಅರ್ಥಮಾಡಿಕೊಂಡದ್ದು, ಕೊನೆಯಲ್ಲಿ "ಹೌದು" ಅಥವಾ "ಇಲ್ಲ" ಎಂದರೆ ಸಾಕಾಗುವಂಥ ಪ್ರಶ್ನೆ. "ಈ ಫೀಚರ್ ಹೇಗೆ ಕೆಲಸ ಮಾಡುತ್ತದೆ ಹೇಳಿ" ಎಂದು ಕೇಳಿದರೆ ಉತ್ತರ ವಾರವಾದರೂ ಬರುವುದಿಲ್ಲ. "ರೀಸ್ಟಾರ್ಟ್ ಆದಾಗ ಬ್ಯಾಕಪ್ ನಿಲ್ಲುತ್ತದೆ ಎಂದು ಬಿಲ್ಡ್ 212ರಲ್ಲಿ ಕಂಡೆ, ಇದು ಹೀಗೇ ಇರುತ್ತದೆಯೇ?" ಎಂದರೆ ಅವರು ಫೋನ್‌ನಲ್ಲೇ ಉತ್ತರಿಸಿಬಿಡುತ್ತಾರೆ.

ದಿನಗಳನ್ನು ನುಂಗುವ ಇನ್ನೊಂದು ದೊಡ್ಡ ಬಾಯಿ ರಿವ್ಯೂ. 120 ಪುಟದ ಪಿಡಿಎಫ್ ಅನ್ನು ರಿಲೀಸ್‌ಗೆ ಹತ್ತು ದಿನ ಇರುವಾಗ ಎಂಟು ಜನರಿಗೆ ಕಳಿಸಿ "ದಯವಿಟ್ಟು ನೋಡಿ" ಎಂದರೆ ಪ್ರತಿಯೊಬ್ಬರೂ ಉಳಿದ ಏಳು ಜನ ನೋಡುತ್ತಾರೆ ಎಂದುಕೊಳ್ಳುತ್ತಾರೆ. ಬದಲಿಗೆ ಒಂದು ಸಲಕ್ಕೆ ಮೂರು ನಾಲ್ಕು ಟಾಪಿಕ್ ಮಾತ್ರ ಕಳಿಸಿ, ಪ್ರತಿ ಟಾಪಿಕ್‌ಗೆ ಒಬ್ಬರೇ ಹೊಣೆ, ಮೂರು ದಿನದ ಗಡುವು. ಏನನ್ನು ನೋಡಬೇಕು ಎಂದು ಬರೆದು ಕೊಡಿ: "4ನೇ ಹಂತದ ಡೀಫಾಲ್ಟ್ ಮೌಲ್ಯ ಸರಿಯೇ? ಎಚ್ಚರಿಕೆಯಲ್ಲಿ ಬಿಟ್ಟುಹೋದದ್ದಿದೆಯೇ?" ಇಲ್ಲದಿದ್ದರೆ ಎಂಜಿನಿಯರ್‌ಗಳು ಅಲ್ಪವಿರಾಮ ತಿದ್ದುತ್ತಾ ಕೂರುತ್ತಾರೆ, ತಪ್ಪು ಪೋರ್ಟ್ ಸಂಖ್ಯೆ ಹಾಗೇ ಪಬ್ಲಿಷ್ ಆಗುತ್ತದೆ. ಎಂಜಿನಿಯರ್‌ಗಳ ರಿವ್ಯೂ ಗಂಟೆಗಳನ್ನು ಅವರ ಸ್ಪ್ರಿಂಟ್‌ನಲ್ಲೇ (ಕೆಲವು ವಾರಗಳ ಕೆಲಸದ ಸುತ್ತು) ಒಂದು ಸಬ್‌ಟಾಸ್ಕ್ ಆಗಿ ಹಾಕಿಸಿಕೊಳ್ಳಿ. ಸ್ಪ್ರಿಂಟ್ ಬೋರ್ಡ್‌ನಲ್ಲಿ ಇಲ್ಲದ ಕೆಲಸ ಅವರ ಪಾಲಿಗೆ ಇಲ್ಲದ ಕೆಲಸ.

ಒಬ್ಬರ ಕೈಯಲ್ಲಿ ಒಟ್ಟಿಗೆ ಎಷ್ಟು ಟಾಪಿಕ್ ತೆರೆದಿರಬೇಕು ಎಂಬುದಕ್ಕೂ ಮಿತಿ ಹಾಕಿ. ಇದಕ್ಕೆ ಗಣಿತದ ಆಧಾರವೇ ಇದೆ, 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ಸರಳ ಸಂಬಂಧ: ಶುರುವಾಗಿ ಇನ್ನೂ ಮುಗಿಯದ ಕೆಲಸಗಳ ಸಂಖ್ಯೆಯನ್ನು ವಾರಕ್ಕೆ ಮುಗಿಯುವ ಸಂಖ್ಯೆಯಿಂದ ಭಾಗಿಸಿದರೆ ಒಂದೊಂದಕ್ಕೆ ಹಿಡಿಯುವ ಸರಾಸರಿ ಸಮಯ ಬರುತ್ತದೆ. ತಂಡದಲ್ಲಿ 24 ಟಾಪಿಕ್ ತೆರೆದಿದ್ದು ವಾರಕ್ಕೆ 8 ಮುಗಿಯುತ್ತಿದ್ದರೆ ತಲಾ 3 ವಾರ. ತೆರೆದದ್ದನ್ನು 12ಕ್ಕೆ ಇಳಿಸಿ, ವಾರಕ್ಕೆ 8 ಮುಗಿಯುವುದನ್ನು ಹಾಗೇ ಉಳಿಸಿಕೊಂಡರೆ ಒಂದೂವರೆ ವಾರ. ಸ್ಕ್ರೀನ್‌ಗಳು ವಾರಕ್ಕೊಮ್ಮೆ ಬದಲಾಗುವ ಉತ್ಪನ್ನದಲ್ಲಿ ಈ ಒಂದೂವರೆ ವಾರದ ಉಳಿತಾಯ ದೊಡ್ಡದು, ಏಕೆಂದರೆ ಕೂತಿರುವ ಟಾಪಿಕ್ ಹಳಸುತ್ತದೆ, ಮತ್ತೆ ಮಾಡಿ ನೋಡಬೇಕಾಗುತ್ತದೆ.

ಹಂತ 6: ಗುಣಮಟ್ಟದ ಬಾಗಿಲು

ಗಂಟೆ ಕಡಿಮೆಯಾಗಿ ತಪ್ಪು ಹೆಚ್ಚಾದರೆ ಉತ್ಪಾದಕತೆ ಹೆಚ್ಚಿತು ಎನ್ನಲಾಗದು. ತಪ್ಪುಗಳನ್ನು ಮೂರು ಬಗೆ ಮಾಡಿ: ಓದಿ ಹಾಗೇ ಮಾಡಿದವರ ಡೇಟಾ ಹೋಗುವಂಥದ್ದು ಅಥವಾ ಸಿಸ್ಟಂ ನಿಲ್ಲುವಂಥದ್ದು, ಕೆಲಸ ಮುಂದೆ ಸಾಗದಂಥದ್ದು, ಬರೀ ಭಾಷೆಯದ್ದು. ಪಬ್ಲಿಷ್ ಆದ ಮೇಲೆ ಸಿಕ್ಕ ಮೊದಲ ಎರಡು ಬಗೆಯ ತಪ್ಪುಗಳನ್ನು 100 ಟಾಪಿಕ್‌ಗೆ ಎಷ್ಟು ಎಂದು ಎಣಿಸಿ, ಮೂರನೆಯದನ್ನು ತಿದ್ದಿ ಮರೆತುಬಿಡಿ. ಜೊತೆಗೆ, ಪಬ್ಲಿಷ್ ಆಗಿ 30 ದಿನದೊಳಗೆ ಮತ್ತೆ ತೆರೆದ ಟಾಪಿಕ್‌ಗಳ ಪಟ್ಟಿ ಇಡಿ. ಅವಸರದಲ್ಲಿ ಮುಗಿಸಿದ್ದು ಅಲ್ಲಿ ಬಯಲಾಗುತ್ತದೆ.

ವೆಬ್‌ಸೈಟ್‌ನ ಅಂಕಿಅಂಶ ಬಳಸುವಾಗ ಹುಷಾರು. ಒಂದು ಪುಟವನ್ನು ಬಹಳ ಜನ ನೋಡಿದರೆ ಆ ಪುಟ ಒಳ್ಳೆಯದು ಎಂದೇನಿಲ್ಲ, ಉತ್ಪನ್ನದ ಆ ಭಾಗ ಎಲ್ಲರಿಗೂ ಗೊಂದಲ ಹುಟ್ಟಿಸುತ್ತಿರಬಹುದು. ಹೆಚ್ಚು ಹೊತ್ತು ನಿಂತು ಓದಿದರು ಎಂದರೂ ಅದೇ ಅನುಮಾನ. "ಇದು ಉಪಯೋಗವಾಯಿತೇ?" ಎಂಬ ಬಟನ್ ಒತ್ತುವವರು ಹೆಚ್ಚಾಗಿ ಸಿಟ್ಟಾದವರು, ಅಲ್ಲಿ ಅಂಕಕ್ಕಿಂತ ಅವರು ಬರೆದ ಸಾಲುಗಳನ್ನು ಓದಿ. ಇವೆಲ್ಲಕ್ಕಿಂತ ಗಟ್ಟಿಯಾದ ಪರೀಕ್ಷೆ ಅಗ್ಗದ್ದೂ ಹೌದು. ಸಪೋರ್ಟ್ ತಂಡಕ್ಕೆ ಹೊಸದಾಗಿ ಸೇರಿದವರನ್ನು ಕೂರಿಸಿ, ಟಾಸ್ಕ್ ಟಾಪಿಕ್ ಒಂದನ್ನೇ ಕೈಗೆ ಕೊಟ್ಟು, ಕೆಲಸ ಮಾಡಿಸಿ. ಎಲ್ಲಿ ತಡೆದರು, ಎಲ್ಲಿ ಪಕ್ಕದವರನ್ನು ಕೇಳಿದರು ಎಂದು ಬರೆದುಕೊಳ್ಳಿ. ನಡುವೆ ಬಾಯಿ ಹಾಕಬೇಡಿ.

ಹಂತ 7: ಗಂಟೆ ಉಳಿಸುವುದು

ಎಲ್ಲಿ ಗಂಟೆ ಹೋಗುತ್ತಿದೆ ಎಂದು ಗೊತ್ತಾದ ಮೇಲೆ ಅಲ್ಲಿಗೇ ಕೈಹಾಕಿ. "ಮಾಡಿ ನೋಡುವುದು" ಜಾಸ್ತಿ ತಿನ್ನುತ್ತಿದ್ದರೆ, ರೈಟರ್‌ಗಳಿಗೆಂದೇ ಒಂದು ವರ್ಚುಯಲ್ ಮಷೀನ್, ಪ್ರತಿ ರಾತ್ರಿ ತಾನಾಗಿ ಹೊಸ ಬಿಲ್ಡ್ ಕೂರುವ ವ್ಯವಸ್ಥೆ ಕೇಳಿ. ಉತ್ಪನ್ನವನ್ನು ಪರೀಕ್ಷಿಸುವ ಕ್ಯೂಎ ತಂಡದವರ ಹತ್ತಿರ ಅದು ಆಗಲೇ ಇರುತ್ತದೆ, ಒಂದು ಲಾಗಿನ್ ಸಿಕ್ಕರೆ ಸಾಕು. ತಿದ್ದುಪಡಿ ಜಾಸ್ತಿಯಿದ್ದರೆ, ಸ್ಕ್ರೀನ್ ಮೇಲಿನ ಪದಗಳನ್ನು ಯಾವ ದಿನದ ನಂತರ ಬದಲಾಯಿಸುವಂತಿಲ್ಲ ಎಂದು ಪ್ರಾಡಕ್ಟ್ ಮ್ಯಾನೇಜರ್ ಜೊತೆ ಗೊತ್ತುಮಾಡಿ. ಸ್ಟೈಲ್ ಬಗ್ಗೆ ರಿವ್ಯೂಗಳಲ್ಲಿ ಹಗ್ಗಜಗ್ಗಾಟ ನಡೆಯುತ್ತಿದ್ದರೆ ಬರಹದ ಶೈಲಿಯನ್ನು ತಾನಾಗಿ ಪರೀಕ್ಷಿಸುವ ವೇಲ್‌ನಂಥ ಮುಕ್ತ ತಂತ್ರಾಂಶದಲ್ಲಿ ನಿಯಮಗಳನ್ನು ಬರೆದಿಡಿ, ಯಂತ್ರ ಹೇಳಿದ್ದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ. ಲಿಂಕ್ ಪರೀಕ್ಷೆ ಪ್ರತಿ ಬಿಲ್ಡ್‌ನಲ್ಲೂ ತಾನಾಗಿ ಓಡಲಿ. ಸ್ಕ್ರೀನ್‌ಶಾಟ್‌ಗಳನ್ನು ಅರ್ಧಕ್ಕಿಳಿಸಿ. ಬಟನ್ ಎಲ್ಲಿದೆ ಎಂದು ತೋರಿಸುವಷ್ಟಕ್ಕೆ ಚಿತ್ರ ಬೇಕಿಲ್ಲ, ಪ್ರತಿ ರಿಲೀಸ್‌ನಲ್ಲೂ ಅದನ್ನು ಮತ್ತೆ ತೆಗೆಯಬೇಕು, ಅನುವಾದ ಇದ್ದರೆ ಪ್ರತಿ ಭಾಷೆಗೂ ಒಂದೊಂದು.

ಒಂದೇ ಟಿಪ್ಪಣಿ ಹಲವು ಕಡೆ ಬರುವಾಗ ಒಮ್ಮೆ ಬರೆದು ಎಲ್ಲ ಕಡೆಗೂ ಸೇರಿಸುವ ಸೌಲಭ್ಯ ಡಿಟಾದಲ್ಲೂ ಫ್ಲೇರ್‌ನಲ್ಲೂ ಇದೆ. ಅನುವಾದಕ್ಕೆ ಪದದ ಲೆಕ್ಕದಲ್ಲಿ ಹಣ ಕೊಡುವ ಕಂಪನಿಗಳಲ್ಲಿ ಇದರ ಉಳಿತಾಯ ನೇರವಾಗಿ ರೂಪಾಯಿಯಲ್ಲಿ ಕಾಣುತ್ತದೆ. ಆದರೆ ಅತಿಯಾದರೆ, ಒಂದು ವಾಕ್ಯ ತಿದ್ದಲು ಅದು ಎಲ್ಲೆಲ್ಲಿ ಬಳಕೆಯಾಗಿದೆ ಎಂದು ಅರ್ಧ ದಿನ ಹುಡುಕುವಂತಾಗುತ್ತದೆ. ಎಚ್ಚರಿಕೆಗಳು, ಶುರುಮಾಡುವ ಮೊದಲೇ ಬೇಕಾದವುಗಳ ಪಟ್ಟಿ, ಲೈಸೆನ್ಸ್ ಮಾತುಗಳು ಇಷ್ಟಕ್ಕೇ ನಿಲ್ಲಿಸಿದರೆ ಕ್ಷೇಮ.

ಎಐ ಕರಡಿನ ಬಗ್ಗೆ ಈಗ ಎಲ್ಲ ಮ್ಯಾನೇಜರ್‌ಗಳೂ ಕೇಳುತ್ತಾರೆ. ಮೇಲಿನ 9 ಗಂಟೆಯ ಲೆಕ್ಕವನ್ನೇ ಅವರ ಮುಂದಿಡಿ. ಬರೆಯುವ 2 ಗಂಟೆ ಅರ್ಧ ಗಂಟೆಗೆ ಇಳಿಯಿತು ಎನ್ನಿ, ಉಳಿತಾಯವಾದದ್ದು ಒಂದೂವರೆ ಗಂಟೆ, ಅಂದರೆ ಒಟ್ಟಿನ ಶೇ. 17. ಮಾಡಿ ನೋಡುವ 3 ಗಂಟೆ ಹಾಗೇ ಇದೆ. ಕರಡಿನಲ್ಲಿ ಇಲ್ಲದ ಮೆನು, ಇಲ್ಲದ ಪ್ಯಾರಾಮೀಟರ್ ನುಸುಳಿದ್ದರೆ ಅದನ್ನು ಹಿಡಿಯುವ ಗಂಟೆ ಹೊಸದಾಗಿ ಸೇರಿಕೊಳ್ಳುತ್ತದೆ. ರಿಲೀಸ್ ನೋಟ್ಸ್ ಕರಡು, ಹಳೆಯ ಟಾಪಿಕ್‌ಗಳನ್ನು ಹೊಸ ಟೆಂಪ್ಲೇಟ್‌ಗೆ ಹೊಂದಿಸುವುದು, ಎಪಿಐ ವಿವರಣೆಯ ಮೊದಲ ಸುತ್ತು ಇಂಥವಕ್ಕೆ ಅದು ನಿಜಕ್ಕೂ ಸಹಾಯಕ. ಅಳೆಯಬೇಕಾದರೆ ಎಐ ಬಳಸಿದ ಟಾಪಿಕ್‌ಗಳಿಗೆ ಒಂದು ಲೇಬಲ್ ಹಾಕಿ, ಒಟ್ಟು ಗಂಟೆಯನ್ನೂ 30 ದಿನದೊಳಗೆ ಮತ್ತೆ ತೆರೆದ ಪ್ರಮಾಣವನ್ನೂ ಹೋಲಿಸಿ. ಬರೀ ಕರಡಿನ ವೇಗ ಹೋಲಿಸಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಗುತ್ತದೆ.

ಅಪ್ರೈಸಲ್ ಹಾಗಾದರೆ?

ವ್ಯಕ್ತಿಯ ಕೆಲಸ ನೋಡಲು ಸಂಖ್ಯೆಗಿಂತ ಮಾದರಿ ಮೇಲು. ವರ್ಷದ ಕೊನೆಗೆ ಒಬ್ಬೊಬ್ಬರ ಐದು ಟಾಪಿಕ್ ಆರಿಸಿ, ಎರಡು ಅವರೇ ಕೊಟ್ಟದ್ದು, ಮೂರು ನೀವು ಲಾಟರಿ ಎತ್ತಿದ್ದು. ಮಾಹಿತಿ ಸರಿಯಿದೆಯೇ, ಓದುಗರಿಗೆ ಬೇಕಾದ್ದು ಮೊದಲು ಬಂದಿದೆಯೇ, ಬೇಡದ್ದನ್ನು ಬಿಟ್ಟಿದ್ದಾರೆಯೇ ಎಂದು ಅವರ ಜೊತೆಯಲ್ಲೇ ಕೂತು ನೋಡಿ. ಹೇಳಿದ ದಿನಕ್ಕೆ ಕೊಟ್ಟರೇ, ಕೊಡಲಾಗದಿದ್ದಾಗ ಮುಂಚೆಯೇ ಹೇಳಿದರೇ ಎಂಬುದೂ ಎಣಿಕೆಗೆ ಬರಬೇಕು. ತಂಡದಲ್ಲಿ ಯಾವಾಗಲೂ ಅತಿ ಕಷ್ಟದ ಉತ್ಪನ್ನವನ್ನೇ ಹೊತ್ತುಕೊಳ್ಳುವ ಒಬ್ಬರು ಇರುತ್ತಾರೆ, ಅವರ ಟಾಪಿಕ್ ಸಂಖ್ಯೆ ಯಾವಾಗಲೂ ಕಡಿಮೆ. ರೈಟರ್ ಹಿಡಿದುಕೊಟ್ಟ ಬಗ್‌ಗಳನ್ನೂ ಬರೆದಿಡಿ. ಆ ರೀಸ್ಟಾರ್ಟ್ ಸಂಗತಿಯಂಥವನ್ನು ಕ್ಯೂಎಗಿಂತ ಮುಂಚೆ ರೈಟರ್‌ಗಳೇ ಕಂಡುಹಿಡಿಯುವುದು ಅಪರೂಪವೇನಲ್ಲ, ಆದರೆ ಯಾವ ರಿಪೋರ್ಟ್‌ನಲ್ಲೂ ಅದು ಅವರ ಹೆಸರಿಗೆ ಸೇರುವುದಿಲ್ಲ.

ಮೇಲಿನವರಿಗೆ ಕೊಡುವ ವರದಿ

ತಿಂಗಳಿಗೆ ಒಂದು ಪುಟ, ನಾಲ್ಕು ಸಾಲು: ಯೋಜಿಸಿದ್ದರಲ್ಲಿ ಮುಗಿದದ್ದೆಷ್ಟು, ಒಂದು ಟಾಪಿಕ್ ಶುರುವಿನಿಂದ ಪಬ್ಲಿಷ್‌ವರೆಗೆ ತೆಗೆದುಕೊಂಡ ದಿನಗಳ ಮಧ್ಯಾಂಕ, 100 ಟಾಪಿಕ್‌ಗೆ ಗಂಭೀರ ತಪ್ಪುಗಳೆಷ್ಟು, ಯಾವ ಕಾರಣಕ್ಕೆ ಎಷ್ಟು ದಿನ ಕಾದೆವು. ನಾಲ್ಕನೆಯ ಸಾಲೇ ನಿಮ್ಮ ಅಸ್ತ್ರ, ಆದರೆ ಅದರಲ್ಲಿ ಯಾವ ಎಂಜಿನಿಯರ್‌ನ ಹೆಸರನ್ನೂ ಹಾಕಬೇಡಿ. "ರಿವ್ಯೂಗಾಗಿ 41 ದಿನ" ಎಂದು ಬರೆದರೆ ಮಾತು ರಿವ್ಯೂ ಪದ್ಧತಿಯ ಬಗ್ಗೆ ನಡೆಯುತ್ತದೆ. ಹೆಸರು ಹಾಕಿದರೆ ಮುಂದಿನ ಆರು ತಿಂಗಳು ಅವರು ನಿಮ್ಮ ಯಾವ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ.

ಅಡಿಪಾಯದ ಗಂಟೆಗಳನ್ನು ವರ್ಷಕ್ಕೊಮ್ಮೆ, ಅಥವಾ ಟೂಲ್ ಇಲ್ಲವೇ ಉತ್ಪನ್ನ ಬದಲಾದಾಗ, ಮತ್ತೆ ತೆಗೆಯಿರಿ. ಹೊಸ ಟೂಲ್‌ಗೆ ಹೋದ ಮೊದಲ ರಿಲೀಸ್‌ನ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಕಲಿಕೆಯ ಖರ್ಚು. ಹಾಗೆಯೇ ಹೊಸದಾಗಿ ಸೇರಿದವರ ಮೊದಲ ಮೂರು ತಿಂಗಳ ದಾಖಲೆಯನ್ನು ಬೇರೆ ಶೀಟ್‌ನಲ್ಲಿ ಇಡಿ. ಮುಂದಿನ ಸಲ ಇನ್ನೊಬ್ಬ ರೈಟರ್ ಬೇಕೆಂದು ಕೇಳುವಾಗ, ಅವರು ಪೂರ್ತಿ ಕೆಲಸಕ್ಕೆ ಬರಲು ಎಷ್ಟು ವಾರ ಬೇಕು ಎಂಬ ಪ್ರಶ್ನೆಗೆ ಉತ್ತರ ಆ ಶೀಟ್‌ನಲ್ಲೇ ಸಿಗುತ್ತದೆ.